ಮೋರ್ಯರ ಮನೆಯ ಚಾವಣಿ

ರೋಣದ ದವಾಖಾನೆಯಲ್ಲಿ ಒಬ್ಬ ಬಾಣಂತಿಗೆ ಸಲೈನ್ ಏರಿಸುತ್ತಿದ್ದಾಗ ತಮ್ಮನ ಫೋನು ಬಂತು. ನನ್ನ ಡ್ಯೂಟಿ ಹೊತ್ತಿನಲ್ಲಿ ಅವನು ಎಂದೂ ಫೋನು ಮಾಡುವವನಲ್ಲ. ಅಪ್ಪನಿಗೇ ಏನೋ ಆಗಿದೆ ಎಂದುಕೊಂಡು ವರಾಂಡಕ್ಕೆ ಓಡಿದೆ.

"ಅಪ್ಪ ಆರಾಮ ಅದಾನ, ಗಾಬರಿ ಆಗಬ್ಯಾಡ" ಎಂದ. "ಹಳ್ಳದ ಮ್ಯಾಲಿನ ಕಲ್ಲ ಕಿತ್ತ ಒಗದಾರ ನೋಡಕ್ಕ. ಸಿಮೆಂಟ್ ಪೈಪ್ ಹಾಕಿ ಹೊಸಾ ಪೂಲ ಮಾಡಾಕ ಹತ್ಯಾರ."

"ಕಲ್ಲ ಎಲ್ಲೈತಿ ಈಗ?"

"ದಂಡ್ಯಾಗ ಬಿದ್ದೈತಿ. ನಾಳಿ ಒಡದು ಬುನಾದಿಗೆ ಹಾಕ್ತಾರಂತ."

"ಯಾರೂ ಮುಟ್ಟಬಾರದು ಅಂತ ಹೇಳು. ನಾ ಸಂಜಿ ಬಸ್ಸಿಗೆ ಬರ್ತೀನಿ."

"ಒಂದ ಕಲ್ಲಿನ ಸಂಬಂಧ ರಜಾ ಹಾಕಿ ಬರ್ತೀ?"

"ಹೌದು" ಎಂದೆ. ಅಷ್ಟು ಹೇಳಿ ಫೋನು ಇಟ್ಟಾಗ ಆ ಕಲ್ಲನ್ನು ಏನು ಮಾಡಬೇಕೆಂದು ನನಗೂ ಗೊತ್ತಿರಲಿಲ್ಲ. ಒಡೆಯಲು ಬಿಡಬಾರದು ಎಂಬುದಷ್ಟೇ ಗೊತ್ತಿತ್ತು.

ನೋಡಿದವರಿಗೆ ಅದು ಬರೀ ಚಪ್ಪಡಿ. ಒಂಬತ್ತು ಅಡಿ ಉದ್ದ, ನಾಲ್ಕು ಅಡಿ ಅಗಲ, ಗೇಣು ದಪ್ಪದ ಕೆಂಪು ಮರಳುಗಲ್ಲು. ಗಜೇಂದ್ರಗಡದ ಸುತ್ತಿನ ಗುಡ್ಡಗಳೆಲ್ಲ ಅದೇ ಕಲ್ಲಿನವು. ಅಂಥದೊಂದು ಗುಡ್ಡದ ಬುಡದಲ್ಲಿ ನನ್ನ ತವರು. ಅಪ್ಪ ಅಲ್ಲಿಯ ಖಣಿಯಲ್ಲಿ ಕಲ್ಲು ಸೀಳುತ್ತಿದ್ದ. ಮನೆಗಳ ನೆಲಕ್ಕೆ ಪರಸಿ, ಬಾಗಿಲಿಗೆ ಹೊಸ್ತಿಲು, ದನ ಕಟ್ಟಲು ಗೂಟಗಲ್ಲು, ಏನು ಕೇಳಿದರೂ ಅಪ್ಪನ ಉಳಿಯಿಂದ ಬರುತ್ತಿತ್ತು.

ನಮ್ಮ ಓಣಿಗೂ ಸಾಲೆಗೂ ನಡುವೆ ಒಂದು ಹಳ್ಳ. ಬೇಸಿಗೆಯಲ್ಲಿ ಅದರಲ್ಲಿ ಆಡು ಮೇಯುತ್ತಿದ್ದವು. ಗುಡ್ಡದ ಮೇಲೆ ಒಂದು ತಾಸು ಜಡಿಮಳೆಯಾದರೆ ಸಾಕು, ಕೆಂಪು ನೀರು ಎದೆಮಟ್ಟ ಬರುತ್ತಿತ್ತು. ಐದನೆಯ ಇಯತ್ತೆಯಲ್ಲಿದ್ದಾಗ ಒಂದು ಮಧ್ಯಾಹ್ನ ಸಾಲೆ ಬಿಟ್ಟು ಬರುತ್ತಾ ಹಳ್ಳಕ್ಕೆ ಇಳಿದೆ. ನೀರು ಮೊಣಕಾಲಿಗಿತ್ತು. ನಡುವಿಗೆ ಬರುವಷ್ಟರಲ್ಲಿ ಸೊಂಟಕ್ಕೆ ಬಂತು. ಪಾಟೀಚೀಲ ಮೊದಲು ಹೋಯಿತು, ಆಮೇಲೆ ನಾನು. ಕೆಳಗಿನ ತಿರುವಿನಲ್ಲಿ ಜಾಲಿಕಂಟಿಯೊಂದು ಲಂಗ ಹಿಡಿದುಕೊಳ್ಳದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ಮೈತುಂಬ ಮುಳ್ಳು ಚುಚ್ಚಿಸಿಕೊಂಡು ಮನೆಗೆ ಬಂದೆ.

ಅವ್ವ ಅಳುತ್ತಾ ಮುಳ್ಳು ತೆಗೆದಳು. "ಇನ್ನ ಸಾಲಿ ಸಾಕು. ಹೆಣ್ಣ ಕೂಸು ನೀರಾಗ ಹ್ವಾದ್ರ ಸಾಲಿ ತಂದು ಕೊಡತೈತೇನು?" ಎಂದಳು. ನಮ್ಮ ಓಣಿಯ ಬೇರೆ ಹುಡುಗಿಯರ ಅವ್ವಂದಿರೂ ಅದನ್ನೇ ಅಂದರು. ಆ ವಾರ ಆರು ಮಂದಿ ಹುಡುಗಿಯರು ಸಾಲೆ ಬಿಟ್ಟೆವು. ಅಪ್ಪ ಒಂದು ಕೋಲು ತೆಗೆದುಕೊಂಡು ಹೋಗಿ ಹಳ್ಳದ ಅಗಲ ಅಳೆದು ಬಂದ.

ಹಳ್ಳ ಇಕ್ಕಟ್ಟಾದ ಕಡೆಗೂ ಏಳಡಿ ಇತ್ತು. ಅಷ್ಟುದ್ದದ, ಬಿರುಕಿಲ್ಲದ ಹಾಸುಗಲ್ಲು ನಮ್ಮ ಖಣಿಯಲ್ಲಿ ಏಳುತ್ತಿರಲಿಲ್ಲ. ಅಂಥ ಕಲ್ಲುಗಳಿದ್ದದ್ದು ಗುಡ್ಡದ ಮೇಲೆ, ಮೋರ್ಯರ ಮನೆಗಳಲ್ಲಿ.

ಮೂರು ಕಡೆ ಮೂರು ಚಪ್ಪಡಿ ನಿಲ್ಲಿಸಿ, ಮುಂದೆ ತಲೆ ತೂರುವಷ್ಟು ದುಂಡು ಕಿಂಡಿ ಕೊರೆದ ನಾಲ್ಕನೆಯ ಚಪ್ಪಡಿ ಇಟ್ಟು, ಮೇಲೊಂದು ದೊಡ್ಡ ಕಲ್ಲು ಮುಚ್ಚಿದ ಮನೆಗಳು ಅವು. ದೊಡ್ಡವರ ಸೊಂಟದೆತ್ತರ. ಗೇಣುದ್ದದ ಮೋರ್ಯರೆಂಬ ಜನ ಅವುಗಳಲ್ಲಿ ಸಂಸಾರ ಮಾಡುತ್ತಿದ್ದರೆಂದೂ, ಬೆಂಕಿಮಳೆ ಸುರಿದು ಎಲ್ಲರೂ ಒಳಗೇ ಸತ್ತರೆಂದೂ ನಮ್ಮಲ್ಲಿ ಹೇಳುತ್ತಾರೆ. ಸಾವಿರಾರು ವರ್ಷಗಳ ಹಿಂದಿನವರು ತಮ್ಮ ಸತ್ತವರಿಗಾಗಿ ಕಟ್ಟಿದ್ದು ಎಂದು ನಾನು ಆಮೇಲೆ ಓದಿ ತಿಳಿದೆ.

ಅಪ್ಪ ಅಂಥದೊಂದು ಮನೆಯ ಮಾಳಿಗೆಯ ಕಲ್ಲು ಇಳಿಸಲು ಹೋದಾಗ, ಗುಡ್ಡದಲ್ಲಿ ಕುರಿ ಕಾಯುತ್ತಿದ್ದ ಒಬ್ಬ ಮುದುಕ ತಡೆದಿದ್ದ. ಬುತ್ತಿ ಒಯ್ದಿದ್ದ ನಾನು ಅಲ್ಲಿಯೇ ಇದ್ದೆ.

"ಅದರ ಮಾಳಿಗಿ ಕೀಳಬ್ಯಾಡೋ ತಮ್ಮಾ. ಯಾರದರೇ ಮನಿ ಅದು."

"ಅವರು ಸತ್ತು ಎಷ್ಟ ಕಾಲ ಆತೋ ಯಜ್ಜಾ. ನನ್ನ ಮಗಳು ಬದುಕ್ಯಾಳ" ಎಂದ ಅಪ್ಪ.

ಎಂಟು ಆಳು, ಎರಡು ಜೋಡಿ ಎತ್ತು, ನಾಲ್ಕು ದಿನ. ಕಲ್ಲು ಕೆಳಗೆ ಬಂತು, ಹಳ್ಳಕ್ಕೆ ಅಡ್ಡ ಬಿತ್ತು. ಆರೂ ಹುಡುಗಿಯರು ಮತ್ತೆ ಸಾಲೆಗೆ ಹೋದೆವು. ನಾನು ಹತ್ತನೆಯದು ಮುಗಿಸಿ, ಗದಗಿನಲ್ಲಿ ನರ್ಸಿಂಗ್ ಕಲಿತು, ಕೆಲಸ ಹಿಡಿಯುವ ತನಕ ಅದರ ಮೇಲೆಯೇ ಓಡಾಡಿದೆ.

ಒಂದು ಸಂಗತಿ ನನ್ನ ಕಣ್ಣಿಗೆ ಬಿದ್ದದ್ದು ತೀರ ತಡವಾಗಿ. ಕೆಲಸ ಸಿಕ್ಕ ಹೊಸತರಲ್ಲಿ ನನ್ನನ್ನು ಬಸ್ಸಿಗೆ ಬಿಡಲು ಅಪ್ಪ ಟ್ರಂಕು ಹೊತ್ತು ಬಂದ. ನಾನು ಕಲ್ಲಿನ ಮೇಲೆ ದಾಟಿದೆ. ಅಪ್ಪ ಟ್ರಂಕು ಹೊತ್ತುಕೊಂಡೇ ಹಳ್ಳಕ್ಕಿಳಿದು, ಕೆಸರು ತುಳಿದು, ಆಚೆ ದಂಡೆ ಹತ್ತಿ ಬಂದ. "ಯಾಕ ಯಪ್ಪಾ?" ಎಂದೆ. "ನನಗ ಇದ ರೂಢಿ" ಎಂದ. ಆಗ ನೆನಪು ಮಾಡಿಕೊಂಡೆ. ಕಲ್ಲು ಹಾಕಿದ ದಿನದಿಂದ ಅಪ್ಪ ಅದರ ಮೇಲೆ ಕಾಲಿಟ್ಟದ್ದನ್ನು ನಾನು ನೋಡಿಯೇ ಇರಲಿಲ್ಲ.

ಮುಂದೆ ಅಪ್ಪನಿಗೆ ಕೆಮ್ಮು ಹತ್ತಿತು. ವರ್ಷಗಟ್ಟಲೆ ಕಲ್ಲಿನ ಧೂಳು ಕುಡಿದ ಶ್ವಾಸಕೋಶ ಅದು. ಎಕ್ಸ್‌ರೇಯಲ್ಲಿ ನಾನೇ ನೋಡಿದ್ದೇನೆ. ಊರಿನವರು ಮಾತ್ರ ಮೋರ್ಯರ ಶಾಪ ಎಂದರು.

ತಮ್ಮನ ಫೋನು ಬಂದ ಆ ಬುಧವಾರ ಸಂಜೆ ಬಸ್ಸಿಳಿದು ನೆಟ್ಟಗೆ ಹಳ್ಳಕ್ಕೆ ಹೋದೆ. ಕಲ್ಲು ದಂಡೆಯಲ್ಲಿ ಅಂಗಾತ ಬಿದ್ದಿತ್ತು. ನಾವು ತುಳಿದು ತುಳಿದು ನುಣುಪಾದ ಬದಿ ಮೇಲಿತ್ತು. ಗುತ್ತಿಗೆದಾರ ಬೈಕು ಹತ್ತುವುದರಲ್ಲಿದ್ದ.

"ಈ ಕಲ್ಲ ಒಡೀಬ್ಯಾಡ್ರಿ. ನಾ ಒಯ್ತೀನಿ" ಎಂದೆ.

"ಎಲ್ಲಿಗೆ ಒಯ್ತೀರಿ ಅಕ್ಕಾರ ಇದನ್ನ?"

ಆ ಗಳಿಗೆಯಲ್ಲಿ ಉತ್ತರ ಬಾಯಿಗೆ ಬಂತು. "ಗುಡ್ಡಕ್ಕ. ಎಲ್ಲಿಂದ ಬಂದಿತ್ತೋ ಅಲ್ಲಿಗೆ."

ಅವನು ನಕ್ಕ. ನಾನು ನಗಲಿಲ್ಲ. ಅವನು ನನ್ನನ್ನೂ ಕಲ್ಲನ್ನೂ ನೋಡಿ, "ಶನಿವಾರ ಮುಂಜಾನೆ ತನಕ ಬಿಡ್ತೀನ್ರಿ. ನಮ್ಮ ಜೇಸಿಬಿಯಿಂದ ಟ್ರೇಲರಿಗೆ ಏರಿಸಿ ಕೊಡ್ತೀನಿ. ಮುಂದಿಂದು ನಿಮ್ಮ ಜವಾಬ್ದಾರಿ" ಎಂದ.

ಮನೆಯಲ್ಲಿ ತಮ್ಮ ಕೇಳಿ ಕೈ ಝಾಡಿಸಿದ. ಟ್ರ್ಯಾಕ್ಟರು ಅವನದು, ಅವನಿಲ್ಲದೆ ಏನೂ ಆಗುತ್ತಿರಲಿಲ್ಲ. "ಮನಿ ಮುಂದ ಕಟ್ಟಿ ಮಾಡೂಣಕ್ಕ. ಕುಂದರಾಕ ಚಲೋ ಆಕ್ಕೈತಿ" ಎಂದ. ಅಪ್ಪ ಗೋಡೆಗೆ ಒರಗಿ ಕುಳಿತಿದ್ದ. ಅವನತ್ತ ತಿರುಗಿದೆ.

"ಯಪ್ಪಾ, ನೀ ಏನಂತಿ?"

"ಇಳಿಸಿದ್ದು ತಪ್ಪು. ಏರಸೂದು ಹುಚ್ಚು. ಬಿಟ್ಟ ಬಿಡು."

"ತಪ್ಪು ಅಂತ ನೀನ ಅಂತಿ. ಮತ್ತ ಬಿಡು ಅಂತಿ."

ಅಪ್ಪ ಬಹಳ ಹೊತ್ತು ಕೆಮ್ಮಿದ. ನೀರು ಕೊಟ್ಟೆ. ಕುಡಿದು ತಂಬಿಗೆ ಕೆಳಗಿಟ್ಟು, ನಲವತ್ತು ವರ್ಷ ಯಾರಿಗೂ ಹೇಳದ್ದನ್ನು ಹೇಳಿದ. ಕಲ್ಲು ಸರಿಸಿದಾಗ ಒಳಗೆ ಮಣ್ಣಿನಲ್ಲಿ ಅರ್ಧ ಹೂತ ಒಂದು ಗಡಿಗೆ ಇತ್ತಂತೆ. ಕರೀ ಗಡಿಗೆ, ಅಂಚು ಕೆಂಪು. ಆಳುಗಳು ಬಂಗಾರವಿದ್ದೀತೆಂದು ಬಗ್ಗಿದರು. ಅಪ್ಪ ಅವರನ್ನು ಹಿಂದೆ ಸರಿಸಿ ತಾನೇ ಕೈ ಹಾಕಿದ. ಬೂದಿ, ಎಲುಬಿನ ಚೂರು.

"ಸಣ್ಣ ಎಲುಬು, ಯವ್ವಾ. ಈಟ ಈಟ. ಕೂಸಿಂದು." ಅಪ್ಪ ತನ್ನ ಕಿರುಬೆರಳು ತೋರಿಸಿದ. "ನಿನ್ನ ವಾರಗಿದ್ದೊ, ನಿನಗಿಂತ ಸಣ್ಣದೊ. ಅದಕ್ಕ ಅವರಪ್ಪ ಮನಿ ಕಟ್ಟಿದ್ದ. ನಾ ಅದರ ಮಾಳಿಗಿ ಕಿತ್ತು ನನ್ನ ಕೂಸಿಗೆ ಹಾದಿ ಮಾಡಿದೆ. ಗಡಿಗೀನ ಅಲ್ಲೇ ಹೂತು ಮ್ಯಾಲ ಮಣ್ಣ ಎಳದು ಬಂದೆ. ಆ ಕಲ್ಲಿನ ಮ್ಯಾಲ ಹ್ಯಾಂಗ ಕಾಲ ಇಡ್ಲಿ?"

ನಾನು ಎಷ್ಟೋ ಕೂಸುಗಳನ್ನು ಕೈಯಲ್ಲಿ ಹಿಡಿದಿದ್ದೇನೆ. ಉಸಿರಾಡದೆ ಬಂದವನ್ನೂ ಬಟ್ಟೆಯಲ್ಲಿ ಸುತ್ತಿ ತಂದೆಯ ಕೈಗೆ ಕೊಟ್ಟಿದ್ದೇನೆ. ಆ ತಂದೆಯಂದಿರ ಮುಖ ನನಗೆ ಗೊತ್ತು. ಇನ್ನು ಯಾರನ್ನೂ ಏನೂ ಕೇಳುವುದು ಉಳಿದಿರಲಿಲ್ಲ. ಅಡಿಗೆಮನೆಗೆ ಹೋಗಿ ತಮ್ಮನ ತಾಟಿಗೆ ರೊಟ್ಟಿ ಹಾಕಿ, "ಶನಿವಾರ ಟ್ರ್ಯಾಕ್ಟರಿಗೆ ಡೀಸಲ್ ತುಂಬಿಸಿಡು" ಎಂದೆ. ಅವನು ರೊಟ್ಟಿ ಮುರಿಯುತ್ತಾ ತಲೆಯಾಡಿಸಿದ. ಅಪ್ಪ ಹೇಳಿದ್ದನ್ನು ಅವನೂ ಕೇಳಿದ್ದ.

ಗುರುವಾರ ಗಜೇಂದ್ರಗಡದ ತಹಶೀಲ್ದಾರರ ಕಚೇರಿಗೆ ಹೋಗಿ, ಕಲ್ಲನ್ನು ಮತ್ತೆ ಮೇಲಿಡಲು ಅನುಮತಿ ಕೇಳಿ ಅರ್ಜಿ ಕೊಟ್ಟೆ. ಆ ಗುಡ್ಡದ ಕಲ್ಲುಗಳು ಅವರ ಹಳೆಯ ಸ್ಮಾರಕಗಳ ಯಾದಿಯಲ್ಲೇ ಇರಲಿಲ್ಲ. ಆದರೂ ಒಬ್ಬ ಅಧಿಕಾರಿ ಮರುದಿನ ಬಂದು, ನನ್ನ ಜೊತೆ ಗುಡ್ಡ ಹತ್ತಿ, ಮಾಳಿಗೆಯಿಲ್ಲದ ಆ ಮನೆಯನ್ನು ನೋಡಿದರು. "ಇಳಿಸಿದ ಕಲ್ಲು ಮೊದಲಿದ್ದಲ್ಲೇ ಇಡ್ರಿ. ನೆಲಕ್ಕ ಮಾತ್ರ ಒಂದು ಗುದ್ದಲಿ ತಾಗಬಾರದು" ಎಂದು ಬರೆದು ಸಹಿ ಹಾಕಿ ಕೊಟ್ಟರು. ಆ ಮಾತನ್ನು ನಾವು ಕೊನೆಯವರೆಗೂ ಪಾಲಿಸಿದೆವು.

ಎತ್ತುವವರು ಬೇಕಿತ್ತು. ನರಗುಂದದಲ್ಲಿ ಬೋರಿನ ಮೋಟಾರು ಎತ್ತಿ ಇಳಿಸುವ ಒಬ್ಬಾತನ ನೆನಪಾಯಿತು. ಹಿಂದೆ ನಾನು ಕೊಣ್ಣೂರಿನಲ್ಲಿದ್ದಾಗ, ಹೊಳೆ ಸೇತುವೆ ಮೇಲೆ ಬಂದು ದಾರಿ ಕಟ್ಟಾದ ದಿನ, ಅವನ ಹೆಂಡತಿಯ ಹೆರಿಗೆ ನಾನೇ ಮಾಡಿಸಿದ್ದೆ. ಫೋನು ಮಾಡಿದರೆ, "ಸಿಸ್ಟರ್, ಎಲ್ಲಿಗೆ ಬರಬೇಕು ಅಷ್ಟ ಹೇಳ್ರಿ" ಎಂದ. ಶನಿವಾರ ಸರಪಳಿ ರಾಟೆ, ಅದನ್ನು ತೂಗುಹಾಕುವ ಮೂರು ಕಬ್ಬಿಣದ ಕಾಲು, ಹಳೆಯ ಬೋರಿನ ಪೈಪು ಎಲ್ಲವನ್ನೂ ಹೇರಿಕೊಂಡು ಇಬ್ಬರು ಆಳುಗಳೊಡನೆ ಬಂದ.

ಗುಡ್ಡದ ಮೇಲೆ ಗಾಳಿಯಂತ್ರಗಳಿಗೆಂದು ಮಾಡಿದ ದಾರಿಯಲ್ಲಿ ಟ್ರ್ಯಾಕ್ಟರು ಏರಿತು. ದಾರಿ ಮುಗಿದಲ್ಲಿ ಕಲ್ಲನ್ನು ಜಾರಿಸಿ ಇಳಿಸಿದೆವು. ಅಲ್ಲಿಂದ ಮೋರ್ಯರ ಮನೆಗೆ ಇನ್ನೂರು ಹೆಜ್ಜೆ, ಬರೀ ಹಾಸುಬಂಡೆ. ಮುಂದಿನ ಒಂದು ಗುಂಡುಗಲ್ಲಿಗೆ ರಾಟೆ ಬಿಗಿದು, ಕಲ್ಲಿನ ಕೆಳಗೆ ಪೈಪು ಕೊಟ್ಟು, ಸರಪಳಿ ಎಳೆಯುವುದು. ಹಿಂದೆ ಬಿದ್ದ ಪೈಪನ್ನು ಮುಂದೆ ತಂದು ಇಡುವುದು. ಮಧ್ಯಾಹ್ನಕ್ಕೆ ಮನೆಯ ಬಳಿ ತಂದೆವು. ನನ್ನ ಅಂಗೈಯಲ್ಲಿ ಗುಳ್ಳೆ ಎದ್ದು ಒಡೆದಿದ್ದವು.

ಎತ್ತುವುದರಲ್ಲಿ ಸೋತೆವು. ಮೂರು ಕಾಲು ನಿಲ್ಲಿಸಿ ರಾಟೆಗೆ ಕಲ್ಲು ತೂಗುಹಾಕಿದ್ದೇ, ಬಂಡೆಯ ಮೇಲೆ ಒಂದು ಕಾಲು ಜಾರಿತು. ಕಲ್ಲು ಓರೆಯಾಗಿ ಕುಸಿಯಿತು. ತಮ್ಮ ಹಿಂದಕ್ಕೆ ಹಾರಿದ. ಅವನ ಚಪ್ಪಲಿ ಕಲ್ಲಿನ ಕೆಳಗೇ ಉಳಿಯಿತು. ಕಲ್ಲಿನ ಒಂದು ಮೂಲೆ ಅಂಗೈಯಗಲ ಸಿಡಿದು ಹೋಯಿತು.

ತಮ್ಮ ಬಿಳಿಚಿದ್ದ. "ಸಾಕಕ್ಕ. ನನ್ನ ಕಾಲ ಹೋಗತಿತ್ತು. ಸತ್ತವರ ಸಂಬಂಧ ಇದ್ದವರ ಕಾಲ ಮುರಕೋಬೇಕೇನು?" ಎಂದು ಕೂಗಿದ. ನಾನು ಅವನ ಪಾದ ಹಿಡಿದು ಎಲ್ಲ ಬೆರಳುಗಳನ್ನೂ ಒತ್ತಿ ನೋಡಿದೆ. ಏನೂ ಆಗಿರಲಿಲ್ಲ. "ನೀ ಅನ್ನೂದು ಖರೆ" ಎಂದೆ. "ಹಿಂಗ ಆಗಂಗಿಲ್ಲ. ಬ್ಯಾರೆ ಥರ ಮಾಡೂಣು."

ಕೆಳಗೆ ಹೋಗಿ ಅಪ್ಪನ ಮುಂದೆ ಕುಳಿತು ನಡೆದದ್ದನ್ನೆಲ್ಲ ಹೇಳಿದೆ. ಅಪ್ಪ ಸಿಟ್ಟಾದ. ಆ ಸಿಟ್ಟು ಕಂಡು ನನಗೆ ಜೀವ ಬಂತು.

"ಬೋಳು ಬಂಡಿಗಲ್ಲಿನ ಮ್ಯಾಲ ಮೂರು ಕಾಲ ನಿಲ್ತಾವೇನು? ಯಾವ ಶಾಣ್ಯಾ ಹೇಳಿದ? ಆ ಮೋರ್ಯಾರ ಹಂತ್ಯಾಕ ರಾಟಿ ಇತ್ತೇನು? ಕಲ್ಲ ಮ್ಯಾಲ ಎತ್ತಬಾರದು. ನೆಲಾನ ಮ್ಯಾಲ ತರಬೇಕು."

"ಹ್ಯಾಂಗ ಅಂತ ಬಂದು ತೋರಸು."

"ನನಗ ಉಸರ ಹತ್ತತೈತಿ."

"ಟ್ರೇಲರಿನಾಗ ಗಾದಿ ಹಾಕ್ತೀನಿ. ನೀ ಬರೀ ಬಾಯಿಲೆ ಹೇಳು."

ಅಪ್ಪ ಒಳಗಿದ್ದ ರಸಗೊಬ್ಬರದ ಖಾಲಿ ಚೀಲಗಳನ್ನು ಎಣಿಸಲು ತಮ್ಮನಿಗೆ ಹೇಳಿದ.

ನೆಲ ಅಗೆಯುವ ಹಾಗಿಲ್ಲ. ಆದ್ದರಿಂದ ಗೋಡೆಯ ಮಟ್ಟಕ್ಕೆ ಇಳಿಜಾರು ಕಟ್ಟಲು ಹಳ್ಳದ ಮರಳನ್ನು ಚೀಲಕ್ಕೆ ತುಂಬಿ ಮೇಲೆ ಒಯ್ಯಬೇಕು. ನೂರಾರು ಚೀಲ. ನಾನು ಓಣಿಯಲ್ಲಿ ಮನೆಮನೆಗೆ ಹೋದೆ. ಆ ಕಲ್ಲಿನ ಮೇಲೆ ನನ್ನ ಜೊತೆ ಸಾಲೆಗೆ ಹೋದವರಲ್ಲಿ ಮೂವರು ಊರಲ್ಲೇ ಇದ್ದರು. ಒಬ್ಬಳು ಅಂಗನವಾಡಿ ನಡೆಸುತ್ತಾಳೆ, ಇಬ್ಬರು ಹೊಲ ಮಾಡುತ್ತಾರೆ. ಮೊದಲನೆಯವಳು ಪೂರ್ತಿ ಕೇಳುವ ಮುಂಚೆಯೇ ಸೆರಗು ಸೊಂಟಕ್ಕೆ ಸಿಗಿಸಿದಳು. "ಅದರ ಮ್ಯಾಲ ಹೋಗಿ ಸಹಿ ಮಾಡಾಕ ಕಲ್ತೀನಿ. ನಡಿ" ಎಂದಳು. ರವಿವಾರ ಬೆಳಗ್ಗೆ ಸೊಸೆಯಂದಿರನ್ನೂ ಕರೆದುಕೊಂಡು ಹದಿನೈದು ಹೆಂಗಸರು ಹಳ್ಳದಲ್ಲಿ ಮರಳು ತುಂಬುತ್ತಿದ್ದರು.

ಅಪ್ಪ ಗಾದಿಯ ಮೇಲೆ ಕುಳಿತು ಗುಡ್ಡ ಏರಿದ. ಗೋಡೆಗಲ್ಲುಗಳನ್ನು ಕಂಡದ್ದೇ ತನ್ನನ್ನು ಟ್ರೇಲರಿನಿಂದ ಇಳಿಸಿರೆಂದ. ನನ್ನ ಹೆಗಲು ಹಿಡಿದು ನಡೆದು ಬಂದು ಒಂದೊಂದನ್ನೂ ಗೆಣ್ಣಿನಿಂದ ಬಡಿದು ಕಿವಿಯಿಟ್ಟು ಕೇಳಿದ. "ಗಟ್ಟಿ ಅದಾವು" ಎಂದ. ಮೊದಲು ಮನೆಯ ಒಳಗನ್ನು ಚೀಲಗಳಿಂದ ಗಚ್ಚಾಗಿ ತುಂಬಿಸಿದ, ಭಾರ ಬಿದ್ದಾಗ ಗೋಡೆಗಳು ಒಳಕ್ಕೆ ಬೀಳದಂತೆ. ಆಮೇಲೆ ಹಿಂಬದಿಯಲ್ಲಿ ಚೀಲಗಳ ಇಳಿಜಾರು, ಗೋಡೆಯ ಅಂಚಿನ ಮಟ್ಟಕ್ಕೆ. ಅದರ ಮೇಲೆ ಹಲಗೆ, ಹಲಗೆಯ ಮೇಲೆ ಪೈಪು. ನರಗುಂದದವನು ಮುಂದಿನ ಬಂಡೆಗೆ ರಾಟೆ ಬಿಗಿದ. ತಮ್ಮ ಹಾರೆ ಹಿಡಿದು ಹಿಂದೆ ನಿಂತ.

"ನೀ ಅಲ್ಲಿ ನಿಂದರಬ್ಯಾಡ, ಬಗಲಿಗೆ ನಿಂದ್ರು" ಎಂದು ಅಪ್ಪ ಅವನನ್ನು ಗದರಿಸಿ ಸರಿಸಿದ. "ಎಳಿರಿ. ಸಾವಕಾಶ."

ಸರಪಳಿ ಬಿಗಿಯಾಯಿತು. ಕಲ್ಲು ಒಂದೊಂದೇ ಗೇಣು ಹತ್ತಿತು. ಪ್ರತಿ ಗೇಣಿಗೂ ಹಿಂದೆ ಅಡ್ಡಗಲ್ಲು ಕೊಡುತ್ತಿದ್ದೆವು. ಎರಡು ಸಲ ಪೈಪು ಓರೆಯಾಯಿತು. ಎರಡು ಸಲವೂ ಅಪ್ಪ ಎಲ್ಲವನ್ನೂ ನಿಲ್ಲಿಸಿ ನೆಟ್ಟಗೆ ಮಾಡಿಸಿದ. ಬಿಸಿಲು ಇಳಿಯುವ ಹೊತ್ತಿಗೆ ಕಲ್ಲು ಗೋಡೆಯ ತಲೆ ಮುಟ್ಟಿತು, ಅಂಚು ದಾಟಿತು, ಸರಿದು ಸರಿದು ನಡುವಿಗೆ ಬಂತು. ಪೈಪುಗಳನ್ನು ಒಂದೊಂದಾಗಿ ಎಳೆದುಕೊಂಡೆವು. ಕೊನೆಯದನ್ನು ತೆಗೆದಾಗ ಕಲ್ಲು 'ಧಡ್' ಎಂದು ಕೂತಿತು. ಕಾಲಡಿಯ ಬಂಡೆ ಅದುರಿದ್ದು ಎಲ್ಲರಿಗೂ ತಿಳಿಯಿತು.

ಕಿಂಡಿಯ ಕಲ್ಲನ್ನು ಒಂದು ಬದಿಗೆ ಸರಿಸಿಟ್ಟಿದ್ದೆವು. ಆ ಬಾಯಿಯಿಂದ ಹೆಂಗಸರು ಒಳಗಿನ ಚೀಲಗಳನ್ನು ಎಳೆದರು. ಕೊನೆಯ ಎರಡು ಚೀಲಗಳನ್ನು ತಾನೇ ತೆಗೆಯುವೆನೆಂದು ಅಪ್ಪ ಹಟ ಹಿಡಿದ. ಬಗ್ಗಿ ಒಳಗೆ ಹೋದ. ಒಳಗಿನಿಂದ ಕೆಮ್ಮು ಕೇಳುತ್ತಿತ್ತು. ನಾನು ಬಾಗಿಲಲ್ಲಿ ಮಂಡಿಯೂರಿ ಕಾಯ್ದೆ. ಅವನು ನೆಲದ ಒಂದು ಮೂಲೆಯ ಮಣ್ಣನ್ನು ಅಂಗೈಯಿಂದ ಸವರಿ ಮಟ್ಟ ಮಾಡುತ್ತಿದ್ದ, ಮಲಗಿದ ಕೂಸಿಗೆ ಕೌದಿ ಹೊದಿಸುವ ಹಾಗೆ. ಹೊರಗೆ ಬಂದಾಗ ಕಣ್ಣು ಒದ್ದೆಯಾಗಿದ್ದವು. "ಬಾಗಲಾ ಹಾಕ್ರಿ" ಎಂದ. ಕಿಂಡಿಯ ಕಲ್ಲನ್ನು ಅದರ ಜಾಗಕ್ಕೆ ನಿಲ್ಲಿಸಿದೆವು. ಆಮೇಲೆ ಎಲ್ಲರೂ ಬಂಡೆಯ ನೆರಳಲ್ಲಿ ಕುಳಿತು ರೊಟ್ಟಿ, ಹಿಂಡಿಪಲ್ಲೆ, ಕೆಂಪು ಖಾರ ತಿಂದೆವು. ಅಪ್ಪ ಎರಡು ರೊಟ್ಟಿ ತಿಂದ. ಆ ವರ್ಷದಲ್ಲಿ ಅವನು ಅಷ್ಟು ಉಂಡದ್ದನ್ನು ನಾನು ನೋಡಿರಲಿಲ್ಲ.

ಕಲ್ಲು ಏರಿಸಿದ್ದರಿಂದ ಅಪ್ಪನ ಕೆಮ್ಮು ನಿಂತಿತು ಎಂದು ಬರೆದರೆ ಸುಳ್ಳಾಗುತ್ತದೆ. ಕೆಮ್ಮು ಹಾಗೆಯೇ ಇದೆ. ತಿಂಗಳಿಗೊಮ್ಮೆ ರೋಣಕ್ಕೆ ಕರೆತಂದು ತೋರಿಸುತ್ತೇನೆ. ಶಾಪದ ಮಾತು ಊರಲ್ಲಿ ಕಡಿಮೆಯಾಗಿದೆ, ಅಷ್ಟೆ. ಅಪ್ಪ ಈಗ ಜನರ ಮುಂದೆ ಆ ಗಡಿಗೆಯ ಕತೆಯನ್ನು ತಾನೇ ಹೇಳುತ್ತಾನೆ.

ಅದೇ ಕತೆ ಹೇಳುತ್ತಾ ಒಂದು ದಿನ, ಗುಡ್ಡದಿಂದ ಇಳಿದದ್ದು ತನ್ನ ಕಲ್ಲೊಂದೇ ಅಲ್ಲ ಎಂದ. ಯಾವ್ಯಾವ ಮನೆಯ ಮಾಳಿಗೆ ಯಾರ ಹಿತ್ತಲಲ್ಲಿದೆ ಎಂಬುದು ಅವನಿಗೆ ಗೊತ್ತು. ಒಂದು ಬಟ್ಟೆ ಒಗೆಯುವ ಕಲ್ಲಾಗಿದೆ. ಇನ್ನೊಂದು ಪಕ್ಕದ ಊರಿನ ಒಬ್ಬ ರೈತರ ದನದ ಕೊಟ್ಟಿಗೆಯ ನೆಲದಲ್ಲಿದೆ. ಹೋದ ತಿಂಗಳು ಅವರ ಮನೆಗೆ ಹೋಗಿದ್ದೆ. ಅವರು ಎಮ್ಮೆಗೆ ಮೇವು ಹಾಕುತ್ತಿದ್ದರು.

"ನಮ್ಮಜ್ಜ ಹಾಕಿದ ಕಲ್ಲದು. ಕೊಡೂದಿಲ್ರಿ" ಎಂದರು.

"ಅದರ ಬದಲಿ ಬ್ಯಾರೆ ಪರಸಿ ಹಾಸಿ ಕೊಡ್ತೀವ್ರಿ. ನಮ್ಮಪ್ಪ ಮುಂದ ನಿಂತು ಹಾಸಸ್ತಾನ."

"ಒಮ್ಮಿ ಹೇಳಿದೆನಲ್ರಿ ತಂಗಿ. ಆಗಂಗಿಲ್ಲ."

"ಆತ್ರಿ ಕಾಕಾ" ಎಂದೆ. "ಬರೂ ರವಿವಾರ ಮತ್ತ ಬರ್ತೀನಿ."

"ಬಂದ್ರೂ ಇದ ಮಾತು."

"ಆಗಲ್ರಿ, ಅದರ ಮುಂದಿನ ರವಿವಾರನೂ ನನಗ ಸೂಟಿನ ಐತಿ."

ಅವರು ಮೇವಿನ ಕೈ ನಿಲ್ಲಿಸಿ ನನ್ನನ್ನು ನೋಡಿದರು. ಆಮೇಲೆ ಒಳಗೆ ಕೂಗಿ, ಎರಡು ಕಪ್ ಚಹಾ ಇಡಲು ಹೇಳಿದರು.